ಪಟ್ಟಣದ ಹಕ್ಕಿಕೋವಿ: ಹುಲಿಪಟ್ಟೆಯಲ್ಲಿ ಉಳಿದ ಚರಿತ್ರೆ

2023ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಒಂದು ಹಳೆಯ ಕೋವಿಯನ್ನು ದೇಶದಿಂದ ಹೊರಕ್ಕೆ ಒಯ್ಯದಂತೆ ತಾತ್ಕಾಲಿಕ ತಡೆ ಹಾಕಿತು. ಕೋವಿಯ ಬೆಲೆಯನ್ನು 20 ಲಕ್ಷ ಪೌಂಡ್ ಎಂದು ಲೆಕ್ಕ ಹಾಕಲಾಗಿತ್ತು. ಅಲ್ಲಿನ ಯಾವುದಾದರೂ ವಸ್ತುಸಂಗ್ರಹಾಲಯ ಹಣ ಹೊಂದಿಸಿ ಅದನ್ನು ಕೊಳ್ಳಲಿ, ಅಂಥ ಅಪರೂಪದ ವಸ್ತು ತಮ್ಮ ನಾಡಿನ ಕೈತಪ್ಪದಿರಲಿ ಎಂಬುದು ಈ ತಡೆಯ ಉದ್ದೇಶ. ವಿಚಿತ್ರವೆಂದರೆ ಆ ಕೋವಿ ಲಂಡನ್ನಿನಲ್ಲಿ ತಯಾರಾದದ್ದಲ್ಲ, ಬರ್ಮಿಂಗ್‌ಹ್ಯಾಮಿನದೂ ಅಲ್ಲ. ಅದು ಕಾವೇರಿಯ ನಡುಗಡ್ಡೆ ಶ್ರೀರಂಗಪಟ್ಟಣದಲ್ಲಿ, 1793–94ರ ಸುಮಾರಿಗೆ, ಅಸದ್ ಖಾನ್ ಮಹಮ್ಮದ್ ಎಂಬ ಕುಶಲಕರ್ಮಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ್ದು. ಅದು ಯುದ್ಧದ ಬಂದೂಕಲ್ಲ. ಹಾರುವ ಹಕ್ಕಿಯನ್ನು ಹೊಡೆಯಲೆಂದು ಮಾಡಿದ ಬೇಟೆಯ ಕೋವಿ.

ಟಿಪ್ಪುವಿನ ಕಾಲದ ಆಯುಧ ಎಂದೊಡನೆ ನೆನಪಾಗುವುದು ಕತ್ತಿ, ಇಲ್ಲವೇ ರಾಕೆಟ್. ಬೇಟೆಗೋವಿಗಳ ಮಾತು ಬರುವುದು ವಿರಳ. ಆದರೆ ಹಳೆಯ ಕೋವಿಗಳನ್ನು ಸಂಗ್ರಹಿಸುವವರ ಜಗತ್ತಿನಲ್ಲಿ ‘ಪಟ್ಟಣ’ದ ಹೆಸರಿಗೆ ಬೇರೆಯೇ ಮರ್ಯಾದೆ ಇದೆ. ರಾಬಿನ್ ವಿಗಿಂಗ್‌ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ ಟಿಪ್ಪುವಿನ ಬಂದೂಕು, ಕೋವಿ, ಪಿಸ್ತೂಲುಗಳಿಗಾಗಿಯೇ ಒಂದು ದೊಡ್ಡ ಗ್ರಂಥ ಬರೆದು 1992ರಲ್ಲಿ ಪ್ರಕಟಿಸಿದರು. ಅವರ ಸಂಗ್ರಹ 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. 2015ರ ಏಪ್ರಿಲ್‌ನಲ್ಲಿ ನಡೆದ ಇನ್ನೊಂದು ಹರಾಜಿನಲ್ಲಿ ಸೈಯದ್ ಮಾಸೂಮ್ ಎಂಬಾತ ಮಾಡಿದ ಬೆಳ್ಳಿಕೆಲಸದ ಬೇಟೆಗೋವಿಯೊಂದು ಏಳು ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಇಷ್ಟು ಬೆಲೆ ಕೊಡುವವರು ಆ ಕೋವಿಯಲ್ಲಿ ಏನನ್ನು ಕಾಣುತ್ತಾರೆ? ಅದು ಪಟ್ಟಣದ್ದೇ ಎಂದು ಹೇಗೆ ಗುರುತಿಸುತ್ತಾರೆ?

ಕಿಡಿಯಿಂದ ಚರೆಯವರೆಗೆ

ಯುದ್ಧದ ಬಂದೂಕು ಒಂದೇ ಗುಂಡನ್ನು ಹಾರಿಸುತ್ತದೆ. ಹಕ್ಕಿಕೋವಿ ಹಾರಿಸುವುದು ಹಿಡಿಯಷ್ಟು ಸಣ್ಣ ಸೀಸದ ಕಾಳುಗಳನ್ನು. ಹಳ್ಳಿಯ ಬೇಟೆಗಾರರ ಮಾತಿನಲ್ಲಿ ಅದು ‘ಚರೆ’. ನಳಿಗೆ ಬಿಟ್ಟ ಚರೆ ಹರಡಿಕೊಂಡು ಹೋಗುವುದರಿಂದ ಹಾರುವ ಹಕ್ಕಿಗೆ ಒಂದೆರಡಾದರೂ ತಗಲುವ ಸಂಭವ ಹೆಚ್ಚು. ಚರೆಯಲ್ಲೂ ಹೊಡೆಯಬಹುದು, ಒಂಟಿ ಗುಂಡನ್ನೂ ಹಾಕಬಹುದು; ಒಳಮೈ ನುಣುಪಾಗಿರುವ ನಳಿಗೆಗೆ ಎರಡೂ ಒಪ್ಪುತ್ತದೆ.

ನಳಿಗೆಯ ಅಳತೆಯನ್ನು ‘ಬೋರ್’ ಎಂದು ಹೇಳುವ ರೂಢಿ ಅಂದಿನಿಂದ ಇಂದಿನವರೆಗೂ ಬಂದಿದೆ. ಲೆಕ್ಕ ಸರಳ. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸದಲ್ಲಿ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳನ್ನು ಎರೆಯಬಹುದೋ ಅಷ್ಟು ಬೋರ್. ಹೀಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಇಂದು ಊರೂರಲ್ಲಿ ಕೇಳಿಬರುವ 12 ಬೋರ್ ಸುಮಾರು 18.5 ಮಿಲಿಮೀಟರ್ ಅಗಲ. ಬ್ರಿಟನ್ ತಡೆಹಿಡಿದ ಪಟ್ಟಣದ ಕೋವಿ 14 ಬೋರ್. ಉದ್ದ ಸುಮಾರು 138 ಸೆಂಟಿಮೀಟರ್.

ಆಗ ತೋಟಾ ಇರಲಿಲ್ಲ. ಮದ್ದು, ಬಿರಡೆ, ಚರೆ, ಮತ್ತೆ ಬಿರಡೆ, ಹೀಗೆ ಒಂದೊಂದಾಗಿ ಬಾಯಿಯಿಂದ ತುಂಬಿ ಗಜದಿಂದ ಇಡಿಯಬೇಕು. ನಳಿಗೆಯ ಬುಡದ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆ ಮದ್ದು. ಕೀಲನ್ನು ಎಳೆದಾಗ ಚಕಮಕಿ ಕಲ್ಲನ್ನು ಕಚ್ಚಿಕೊಂಡ ಕುದುರೆ ಮುಂದಕ್ಕೆ ಬಡಿದು, ಉಕ್ಕಿನ ಹಲಗೆಗೆ ಕಲ್ಲು ಉಜ್ಜಿ, ಕಿಡಿ ಬಟ್ಟಲಿಗೆ ಬೀಳುತ್ತದೆ. ಆ ಬೆಂಕಿ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟಿದ ಮೇಲೆ ಕೋವಿ ಸಿಡಿಯುತ್ತದೆ. ಹಕ್ಕಿಗೆ ಹೊಗೆ ಮೊದಲು ಕಾಣಿಸುತ್ತದೆ, ಚರೆ ಅನಂತರ ಬರುತ್ತದೆ. ಆ ಅರೆಕ್ಷಣದ ವಿಳಂಬವೇ ಹಕ್ಕಿಬೇಟೆಯ ದೊಡ್ಡ ತೊಡಕು. ಬೆಂಕಿ ಬೇಗ ಹತ್ತಬೇಕೆಂಬ ಹಠದಿಂದ 1780ರ ದಶಕದಲ್ಲಿ ಲಂಡನ್ನಿನ ಹೆನ್ರಿ ನಾಕ್, ಜೋಸೆಫ್ ಮ್ಯಾಂಟನ್‌ರಂಥವರು ಹೊಸ ಹೊಸ ಉಪಾಯ ಹುಡುಕುತ್ತಿದ್ದರು. ಕೊನೆಗೆ 1807ರಲ್ಲಿ ಬಡಿದರೆ ಸಿಡಿಯುವ ಮದ್ದಿನ ವಿಧಾನಕ್ಕೆ ಹಕ್ಕುಪತ್ರ ಪಡೆದ ಅಲೆಗ್ಸಾಂಡರ್ ಫೋರ್ಸೈತ್ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಕಿಡಿಯ ಮಿಂಚು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದೇ ಅವನ ಶೋಧಕ್ಕೆ ಪ್ರೇರಣೆ ಎನ್ನುತ್ತಾರೆ.

ಪಟ್ಟಣದ ಕಮ್ಮಟಗಳಲ್ಲಿ ಕೆಲಸ ನಡೆಯುತ್ತಿದ್ದುದು ಇದೇ ಕಾಲದಲ್ಲಿ, ಇದೇ ತೊಡಕಿನ ಮೇಲೆ. ಒಮ್ಮೆ ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಹಕ್ಕಿ ಕಣ್ಮರೆ. ಇದಕ್ಕೆ ಅಸದ್ ಖಾನ್ ಮಹಮ್ಮದನ ಕೋವಿಯಲ್ಲಿ ಒಂದು ಉತ್ತರವಿದೆ: ನಳಿಗೆ ಒಂದೇ, ಆದರೆ ಮತ್ತೆ ತುಂಬದೆ ಎರಡು ಸಲ ಹೊಡೆಯಬಹುದು. ಸೈಯದ್ ಮಾಸೂಮನ ಕೋವಿಯೂ ಈ ಬಗೆಯದೇ. ಒಂದು ಈಡಿನ ಮೇಲೆ ಇನ್ನೊಂದು ಈಡನ್ನು ತುಂಬುವ ಈ ಪದ್ಧತಿಯಲ್ಲಿ ಮುಂದಿನದು ಮೊದಲು ಸಿಡಿಯಬೇಕು. ಹಿಂದಿನದಕ್ಕೆ ಮೊದಲು ಬೆಂಕಿ ತಗಲಿದರೆ ನಳಿಗೆ ಒಡೆದು ಹೊಡೆಯುವವನ ಕೈಗೇ ಕುತ್ತು. ಅಷ್ಟು ಬಿಗಿಯಾದ, ಅಷ್ಟು ನಿಖರವಾದ ಕೆಲಸವನ್ನು ಸುಲ್ತಾನ ಕೈಯಲ್ಲಿ ಹಿಡಿಯುವ ಕೋವಿಗೆ ಮಾಡಬೇಕಾದರೆ ಕರ್ಮಿಗೆ ತನ್ನ ಕೈಚಳಕದ ಮೇಲೆ ಎಂಥ ನಂಬಿಕೆ ಇದ್ದಿರಬೇಕು ಎಂಬುದನ್ನು ಊಹಿಸಬಹುದು.

ಹಕ್ಕಿಗೂ ಇಲ್ಲಿ ಬರವಿರಲಿಲ್ಲ. ನಾಗಮಂಗಲ, ಪಾಂಡವಪುರಗಳ ಕಡೆಯಿಂದ ಹರಿದು ಬರುವ ಲೋಕಪಾವನಿ ಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಕೃಷ್ಣರಾಜಪೇಟೆಯ ಸೀಮೆಯನ್ನು ಹಾದು ಹೇಮಾವತಿ ಬರುತ್ತದೆ. ತೊಣ್ಣೂರಿನ ಕೆರೆ, ನದಿಯ ನಡುಗಡ್ಡೆಗಳು, ನಾಲೆಯ ಗದ್ದೆಬಯಲು, ಇವೆಲ್ಲ ನೀರುಹಕ್ಕಿಗಳ ನೆಲೆ.

ಕಮ್ಮಟ ಮತ್ತು ಫ್ರೆಂಚರು

ಟಿಪ್ಪು ಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ‘ತಾರಾಮಂಡಲ’ ಎಂಬ ಹೆಸರಿನ ಕಾರ್ಖಾನೆಗಳನ್ನು ನಡೆಸುತ್ತಿದ್ದ. ಆಯುಧಗಳ ಕೀಲುಕೆಲಸದಲ್ಲಿ ಫ್ರೆಂಚ್ ಮಾದರಿಯ ಪ್ರಭಾವ ಸ್ಪಷ್ಟ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡಾಗ ಮುಂದಿಟ್ಟ ಬೇಡಿಕೆಗಳಲ್ಲಿ ಸೈನ್ಯಸಹಾಯದ ಜೊತೆಗೆ ಕುಶಲಕರ್ಮಿಗಳನ್ನು ಕಳಿಸಿಕೊಡಿ ಎಂಬುದೂ ಒಂದು. ಸೈನ್ಯ ಬರಲಿಲ್ಲ, ಕೆಲವು ಕರ್ಮಿಗಳು ಬಂದರು. ಪಟ್ಟಣದ ಉತ್ತರಕ್ಕೆ, ಇಂದಿನ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ಅಂಟಿಕೊಂಡಿದ್ದುದು ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ.

ಆದರೆ ಈ ಕೋವಿಗಳನ್ನು ಫ್ರೆಂಚ್ ಕೋವಿಯ ನಕಲು ಎಂದರೆ ತಪ್ಪಾಗುತ್ತದೆ. ಕೀಲಿನ ತತ್ತ್ವ ಹೊರಗಿನದು. ಮೈಮೇಲಿನ ಭಾಷೆ ಇಲ್ಲಿಯದು. ಬೆಳ್ಳಿಯ ಕುಸುರಿ, ಉಕ್ಕಿನ ಮೇಲೆ ಬಂಗಾರದ ಅಕ್ಷರ, ಮರದ ಹಿಡಿಯೊಳಗೆ ಹುದುಗಿಸಿದ ಲೋಹದ ಪಟ್ಟೆ, ಇದೆಲ್ಲ ಈ ನೆಲದ ಕಸುಬು. ನಾಗಮಂಗಲದ ಕಂಚು ಹಿತ್ತಾಳೆಯ ಕೆಲಸ ನೋಡಿದವರಿಗೆ ಇಲ್ಲಿಯ ಲೋಹದ ಕುಶಲತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1793–94 ಎಂಬ ಇಸವಿಯನ್ನು ಇಲ್ಲಿ ಮರೆಯಬಾರದು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಇದೇ ಫ್ರೆಂಚ್ ರಾಕ್ಸ್ ಬಳಿ ಪಾಳೆಯ ಹೂಡಿ ಪಟ್ಟಣದ ಮೇಲೆ ರಾತ್ರಿ ದಾಳಿ ನಡೆಸಿದ್ದ. ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಮಕ್ಕಳು ಮರಳಿದ್ದು 1794ರಲ್ಲಿ. ಎಂದರೆ ಬೊಕ್ಕಸ ಬರಿದಾಗಿ, ಮಕ್ಕಳು ಮದ್ರಾಸಿನಲ್ಲಿ ಒತ್ತೆಯಿದ್ದ ದಿನಗಳಲ್ಲಿ ಪಟ್ಟಣದ ಕಮ್ಮಟ ಇಂಥ ಕೋವಿಯನ್ನು ರೂಪಿಸುತ್ತಿತ್ತು. ಮುಂದೆ ಅದೇ ಕೋವಿ ಕಾಣಿಕೆಯಾಗಿ ಸೇರಿದ್ದು ಕಾರ್ನ್‌ವಾಲಿಸನ ಕೈಯನ್ನು! ಗೆದ್ದವರ ಮನೆಯ ಗೋಡೆಗೆ ಸೋತವರ ಕುಶಲತೆ ಅಲಂಕಾರವಾಯಿತು.

ಗುರುತು ಹಿಡಿಯುವ ಬಗೆ

ಪಟ್ಟಣದ ಕೋವಿಯ ಮೊದಲ ಗುರುತು ಹುಲಿಪಟ್ಟೆ. ‘ಬುಬ್ರಿ’ ಎಂದು ಕರೆಯುವ ಈ ಚಿಹ್ನೆ ಹುಲಿಯ ಮೈಮೇಲಿನ ಪಟ್ಟೆಯನ್ನು ಎಲೆಯ ಹಾಗೆ ಬಳುಕಿಸಿ ಬರೆದದ್ದು. ಟಿಪ್ಪುವಿನ ಸಿಂಹಾಸನ, ಸೈನಿಕರ ಉಡುಪು, ಕತ್ತಿ, ಫಿರಂಗಿ, ಎಲ್ಲದರ ಮೇಲೂ ಇದೇ ಮುದ್ರೆ. ಕೋವಿಯಲ್ಲಿ ಇದು ಮರದ ಹಿಡಿಯ ಮೇಲೆ ಬೆಳ್ಳಿಯಾಗಿ ಕೂರುತ್ತದೆ, ನಳಿಗೆಯ ಮೇಲೆ ಕೊರೆದ ರೇಖೆಯಾಗಿ ಹರಿಯುತ್ತದೆ. ಕೀಲಿನ ಭಾಗಗಳಲ್ಲಿ ಹುಲಿಮುಖ ಮೂಡುವುದುಂಟು. ‘ದೇವರ ಸಿಂಹವೇ ವಿಜಯಿ’ ಎಂಬ ಅರ್ಥದ ಅರಬ್ಬಿ ವಾಕ್ಯವನ್ನು ಹುಲಿಯ ಮುಖದಂತೆ ತೋರುವ ಹಾಗೆ ಹೆಣೆದು ಬರೆಯುವುದು ಆ ಕಾಲದ ಇನ್ನೊಂದು ಜಾಣ್ಮೆ.

ಎರಡನೆಯದು ತಂದೆ ಹೈದರನ ಹೆಸರಿನ ಮುದ್ರೆ. ಮೂರನೆಯದು ಬರಹ: ಮಾಡಿದವನ ಹೆಸರು, ಊರಿನ ಹೆಸರು ‘ಪಟ್ಟನ್’, ‘ಖುದಾದಾದ್ ಸರ್ಕಾರ’, ಅಂದರೆ ದೇವದತ್ತ ಪ್ರಭುತ್ವ ಎಂಬ ಉಲ್ಲೇಖ.

ನಾಲ್ಕನೆಯ ಗುರುತು ಎಲ್ಲಕ್ಕಿಂತ ಸ್ವಾರಸ್ಯದ್ದು, ಅದು ಇಸವಿ. ಟಿಪ್ಪು 1787ರ ಹೊತ್ತಿಗೆ ಹಿಜರಿ ಶಕೆಯನ್ನು ಬಿಟ್ಟು ‘ಮೌಲೂದಿ’ ಎಂಬ ತನ್ನದೇ ಎಣಿಕೆಯನ್ನು ಜಾರಿಗೆ ತಂದ. ಈ ವರ್ಷಕ್ಕೆ 572 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1215 ಎಂದರೆ 1787, 1227 ಎಂದರೆ 1799. ಇಷ್ಟೇ ಆದರೆ ಸುಲಭವಾಗಿತ್ತು. ಸಾಮಾನ್ಯವಾಗಿ ಪರ್ಷಿಯನ್ ಲಿಪಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ಟಿಪ್ಪು ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹೀಗಾಗಿ 1224 ಎಂಬುದು ನೋಡುವವರ ಕಣ್ಣಿಗೆ 4221 ಎಂದು ಕಾಣುತ್ತದೆ. ಅದನ್ನು ತಿರುಗಿಸಿ ಓದಿ 572 ಕೂಡಿಸಿದರೆ 1796. ಇದರಲ್ಲೊಂದು ತಮಾಷೆಯೂ ಇದೆ: 1793ಕ್ಕೆ ಸಲ್ಲುವ ಮೌಲೂದಿ ವರ್ಷ 1221, ಅದನ್ನು ಯಾವ ಕಡೆಯಿಂದ ಓದಿದರೂ ಒಂದೇ.

ನಕಲಿಯನ್ನು ಹಿಡಿಯಲು ಈ ಲೆಕ್ಕವೇ ಒರೆಗಲ್ಲು. ಹುಲಿಪಟ್ಟೆ ಇರುವ ಕೋವಿಯ ಮೇಲೆ ಮೌಲೂದಿ 1235 ಎಂದಿದ್ದರೆ ಅದು 1807 ಆಗುತ್ತದೆ. 1799ರ ಮೇ 4ರಂದು ಮಡಿದ ಸುಲ್ತಾನನಿಗೆ 1807ರಲ್ಲಿ ಕೋವಿ ಮಾಡಿದವರಾರು? ಹುಲಿಗೆ ಬೆಲೆ ಬಂದ ಮೇಲೆ ಸಾಧಾರಣ ಬಂದೂಕಿನ ಮೇಲೂ ಹುಲಿಯನ್ನು ಕೂರಿಸುವುದು ಕಷ್ಟದ ಕೆಲಸವೇನಲ್ಲ. ಆದ್ದರಿಂದ ಬಲ್ಲವರು ಒಂದೇ ಗುರುತನ್ನು ನೆಚ್ಚುವುದಿಲ್ಲ. ಬೆಳ್ಳಿ ಎಷ್ಟು ಸವೆದಿದೆಯೋ ಅದರ ಪಕ್ಕದ ಮರವೂ ಅಷ್ಟೇ ಸವೆದಿದೆಯೇ, ಬರಹ ಮತ್ತು ಕುಸುರಿ ಒಂದೇ ಕೈಯವೇ, ಕೀಲು ಆ ಕಾಲದ್ದೇ ಅಥವಾ ಆಮೇಲೆ ಬದಲಾಯಿಸಿದ್ದೇ, ಕೋವಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ ಇದೆಯೇ, ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು.

ಮನೆಯ ಮೂಲೆಯ ಕೋವಿ

ಸುಲ್ತಾನನ ಕೋವಿ ಎಲ್ಲರಿಗೂ ಸಿಗುವುದಲ್ಲ. ಆದರೆ ಮಂಡ್ಯ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಒಂದು ಕೋವಿ ಇದ್ದರೆ ಅದರ ವಯಸ್ಸನ್ನು ಅಂದಾಜು ಮಾಡಲು ಸಾಧ್ಯ. ಕುದುರೆಯ ಬಾಯಲ್ಲಿ ಕಲ್ಲು ಕಚ್ಚಿಸುವ ಜಾಗ ಮತ್ತು ಬಟ್ಟಲು ಇದ್ದರೆ ಅದು ಚಕಮಕಿಯ ಕಾಲದ್ದು. ಬಟ್ಟಲಿನ ಬದಲು ತೊಟ್ಟಿನಂಥ ಮೊಳೆ ಇದ್ದು ಅದರ ಮೇಲೆ ತಾಮ್ರದ ಟೋಪಿ ಇಡುವಂತಿದ್ದರೆ ಅದು 1820ರ ನಂತರ ಹರಡಿದ ಕೇಪಿನ ಕೋವಿ. ಹಳ್ಳಿಗಳಲ್ಲಿ ಈ ಬಗೆ ಬಹುಕಾಲ ಉಳಿಯಿತು. ನಳಿಗೆ ಬುಡದಲ್ಲಿ ಬಾಗಿ ತೆರೆದುಕೊಂಡು, ಹೊರಗೆ ಎರಡು ಕುದುರೆಗಳು ಕಾಣುವ ಜೋಡುನಳಿಗೆ 19ನೇ ಶತಮಾನದ ಉತ್ತರಾರ್ಧದ ಮಾದರಿ. ಕುದುರೆ ಹೊರಗೆ ಕಾಣದಿದ್ದರೆ ಅದು 1875ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ರೂಢಿಗೆ ಬಂದ ಕೀಲಿನ ಪರಂಪರೆಯದು.

ನಳಿಗೆಯ ಅಡಿಯಲ್ಲಿ ಕಿರೀಟದ ಕೆಳಗೆ ಅಕ್ಷರಗಳಿರುವ ಸಣ್ಣ ಮುದ್ರೆಗಳಿದ್ದರೆ ಅವು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಗುರುತುಗಳು. ಹೆಚ್ಚಿನ ಮದ್ದು ತುಂಬಿ ಹೊಡೆದು ನಳಿಗೆ ತಡೆದುಕೊಂಡಿತು ಎಂಬುದಕ್ಕೆ ಸಾಕ್ಷಿ. ‘ನಾಟ್ ಫಾರ್ ಬಾಲ್’ ಎಂಬ ಇಂಗ್ಲಿಷ್ ಬರಹವಿದ್ದರೆ ಅದು 1875ರಿಂದ 1887ರ ನಡುವೆ ಪರೀಕ್ಷೆಯಾದ, ಬಾಯಿ ಕಿರಿದಾದ ನಳಿಗೆ. ಒಂಟಿ ಗುಂಡು ಹಾಕಬೇಡಿ ಎಂದು ಅದರ ಅರ್ಥ. ನಳಿಗೆಯ ಮೇಲೆ ನೀರಿನ ಅಲೆಯಂಥ ಚಿತ್ತಾರ ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿನ ಸುತ್ತ ಸುತ್ತಿ, ಬೆಸೆದು ಮಾಡಿದ್ದು. ನೋಡಲು ಬಹು ಚೆಂದ; ಇಂದಿನ ತೋಟಾ ಹಾಕಿ ಹೊಡೆದರೆ ಬಹು ಅಪಾಯ.

ಕಾನೂನನ್ನೂ ತಿಳಿದಿರಬೇಕು. ಎಷ್ಟೇ ಹಳೆಯದಾದರೂ ಹೊಡೆಯಬಲ್ಲ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ದುರಸ್ತಿ ಮಾಡಿದರೂ ಹೊಡೆಯಲಾಗದ ಪುರಾತನ ಆಯುಧಕ್ಕೆ ಮಾತ್ರ ವಿನಾಯಿತಿ. ಅದನ್ನು ತೀರ್ಮಾನಿಸುವುದು ಮನೆಯವರಲ್ಲ, ಅಧಿಕಾರಿಗಳು. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸುತ್ತದೆ. ತುಕ್ಕು ಹಿಡಿದಿದೆಯೆಂದು ಗುಜರಿಗೆ ಹಾಕುವುದು, ಮರಳುಕಾಗದದಿಂದ ಉಜ್ಜಿ ಹೊಳಪಿಸುವುದು ಎರಡೂ ತಪ್ಪೇ. ಉಜ್ಜಿದ ಕೂಡಲೇ ಮೊದಲು ಅಳಿಯುವುದು ಹೆಸರು ಮತ್ತು ಇಸವಿ.

ಹೋದದ್ದು, ಉಳಿದದ್ದು

ಪಟ್ಟಣ ಬಿದ್ದಾಗ ಕೋಟೆಯೊಳಗೆ 929 ಫಿರಂಗಿಗಳೂ ಒಂದು ಲಕ್ಷಕ್ಕೆ ಹತ್ತಿರದಷ್ಟು ಬಂದೂಕುಗಳೂ ಸಿಕ್ಕಿದವೆಂದು ಇಂಗ್ಲಿಷರ ಲೆಕ್ಕ ಹೇಳುತ್ತದೆ. ಮೊದಲ ರಾತ್ರಿ ಲೂಟಿ. ಅನಂತರ ‘ಗೆಲುವಿನ ಪಾಲು’ ಎಂಬ ಹೆಸರಿನ ಕ್ರಮಬದ್ಧ ಹಂಚಿಕೆ. ಸುಲ್ತಾನನ ಸ್ವಂತ ಆಯುಧಗಳು ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಸಮುದ್ರ ದಾಟಿದವು. ಅವು ಇಂದಿಗೂ ಒಂದೊಂದಾಗಿ ಹೊರಬರುತ್ತಿವೆ. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ವಸ್ತುಗಳು ಹರಾಜಾದವು. 1799ರ ಯುದ್ಧದಲ್ಲಿದ್ದ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಅವನ್ನು ತಂದಿದ್ದ. ಅವುಗಳಲ್ಲಿದ್ದ ಬೆಳ್ಳಿಕೆಲಸದ 20 ಬೋರ್ ಕೋವಿ, ಸನೀನು ಸಹಿತ, 60,000 ಪೌಂಡಿಗೆ ಹೋಯಿತು.

ಪಟ್ಟಣದಲ್ಲಿ ಉಳಿದಿರುವುದು ಗೋಡೆಗಳು. ದರಿಯಾ ದೌಲತ್‌ನಲ್ಲಿ ಚಿತ್ರಗಳಿವೆ, ನಾಣ್ಯಗಳಿವೆ. ಮೌಲೂದಿ ಇಸವಿಯನ್ನು ತಿರುಗಿಸಿ ಓದುವ ಅಭ್ಯಾಸವನ್ನು ಆ ಕಾಲದ ನಾಣ್ಯಗಳ ಮೇಲೇ ಮಾಡಬಹುದು. ದ್ವೀಪದಲ್ಲಿ ಅಲ್ಲಲ್ಲಿ ನೆಲದೊಳಕ್ಕೆ ಇಳಿದ ಮದ್ದಿನ ಮನೆಗಳಿವೆ. ಬೆಂಗಳೂರು–ಮೈಸೂರು ಜೋಡಿ ರೈಲುಹಳಿಗೆ ಅಡ್ಡ ಬಂದ ಅಂಥದೊಂದು ಕಟ್ಟಡವನ್ನು 2017ರ ಮಾರ್ಚ್‌ನಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಡಲಾಯಿತು. ಸುಮಾರು ಸಾವಿರ ಟನ್ ತೂಕದ ಇಟ್ಟಿಗೆ ಗಾರೆಯನ್ನು ಉಳಿಸಿಕೊಳ್ಳಲು ಇಷ್ಟು ಶ್ರಮ ಪಟ್ಟದ್ದು ಮೆಚ್ಚಬೇಕಾದ ಮಾತು. ಮದ್ದಿನ ಮನೆ ಉಳಿಯಿತು. ಆ ಮದ್ದನ್ನು ತುಂಬಿದ ಉತ್ತಮ ಕೋವಿಗಳನ್ನು ನೋಡಬೇಕಾದರೆ ಮಾತ್ರ ಹರಾಜು ಪಟ್ಟಿಗಳನ್ನೋ ಪರದೇಶದ ಸಂಗ್ರಹಾಲಯಗಳನ್ನೋ ಹುಡುಕಬೇಕು.

ಹಾಗೆಂದು ಈ ಕೋವಿಗಳ ಮಾತು ದೊರೆಯೊಬ್ಬನ ಮಾತಷ್ಟೇ ಅಲ್ಲ. ಟಿಪ್ಪುವಿನ ಪರ ವಿರೋಧವಾಗಿ ವಾದಿಸುವವರಿಗೆ ಕೊರತೆಯಿಲ್ಲ. ಆ ಗದ್ದಲದಲ್ಲಿ ಕೇಳಿಸದೆ ಹೋಗಿರುವುದು ಕಮ್ಮಟದಲ್ಲಿ ಕುಳಿತು ಉಕ್ಕು ಕೊರೆದವರ, ಬೆಳ್ಳಿ ಹೊಸೆದವರ ಹೆಸರು. ಆ ಕಾಲದ ಎಷ್ಟೋ ಕುಶಲಕರ್ಮಿಗಳು ಹೆಸರಿಲ್ಲದೆ ಅಳಿದುಹೋದರು. ಇವರು ಮಾತ್ರ ತಮ್ಮ ಕೆಲಸದ ಮೇಲೆ ಹೆಸರು, ಊರು, ವರ್ಷ ಮೂರನ್ನೂ ಬಿಟ್ಟುಹೋದರು. ಸೈಯದ್ ಮಾಸೂಮ್, ಅಸದ್ ಖಾನ್ ಮಹಮ್ಮದ್ ಎಂಬ ಹೆಸರುಗಳು ಲಂಡನ್ನಿನ ಸಂಗ್ರಾಹಕರಿಗೆ ಗೊತ್ತು. ಅವರು ದುಡಿದ ಊರಿನ ಶಾಲೆಯ ಮಕ್ಕಳಿಗೂ ಗೊತ್ತಾಗಬೇಕಾದ ಹೆಸರುಗಳಿವು. ಕೋವಿ ಮರಳಿ ಬರಲಿ, ಬಾರದಿರಲಿ, ಅದರ ಮೇಲಿನ ಬರಹವನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನು ಹಕ್ಕಿಗಳ ಸಂಗತಿ. ಪಟ್ಟಣದಿಂದ ಕೂಗಳತೆಯ ದೂರದಲ್ಲಿರುವ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಮನ್ನಣೆಯೂ ಸಿಕ್ಕಿತು. ಒಂದೇ ನಳಿಗೆಯಲ್ಲಿ ಎರಡು ಈಡು ತುಂಬುವ ಜಾಣ್ಮೆ ಮೆರೆದ ಊರಿನ ಬಗಲಲ್ಲಿ ಈಗ ಬಣ್ಣದ ಕೊಕ್ಕರೆ, ಚಮಚಕೊಕ್ಕುಗಳು ನಿರ್ಭಯವಾಗಿ ಗೂಡು ಕಟ್ಟುತ್ತವೆ. ಹಕ್ಕಿಕೋವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹಕ್ಕಿಯನ್ನು ಹೊಳೆಯಲ್ಲಿ ಬಿಟ್ಟು, ಎರಡನ್ನೂ ಕಣ್ಣಿನಿಂದಲೇ ಸವಿಯುವ ಕಾಲ ಇದು.